ಹೊಸ ಅಕ್ಕಿಯ ಊಟದಲ್ಲಿ ನಾನು ಹೇಳದ ಮಾತು

ನಾನು ತಂಗಿಗೆ "ಉಣ್ಣು" ಎಂದು ಹೇಳಲಿಲ್ಲ. ನಾನು ಮಾಡಿದ ತಪ್ಪು ಇಷ್ಟೇ. ಮನೆ ಅವಳದು, ಅಕ್ಕಿ ಅವಳದು, ಬಡಿಸಿದವಳೂ ಅವಳೇ, ಉಣ್ಣಲಿಕ್ಕೆ ನಿನ್ನ ಅಪ್ಪಣೆ ಯಾಕೆ ಎಂದು ಯಾರಾದರೂ ಕೇಳಬಹುದು. ಆದರೆ ನಮ್ಮ ಕಡೆ ವರ್ಷಕ್ಕೆ ಒಂದು ಊಟ ಹಾಗಲ್ಲ. ಹೊಸ ಭತ್ತ ಬಂದಾಗ ಮಾಡುವ ಆ ಊಟಕ್ಕೆ ತುಳುವಿನಲ್ಲಿ ಪುದ್ವಾರ್ ಎನ್ನುತ್ತೇವೆ. ಎಲೆಗೆ ಎಲ್ಲವನ್ನೂ ಬಡಿಸಿ ಆದ ಮೇಲೆ, ಅನ್ನಕ್ಕೆ ಕೈ ಹಾಕುವ ಮೊದಲು, ಚಿಕ್ಕವರು ತಮಗಿಂತ ದೊಡ್ಡವರ ಕಡೆ ತಿರುಗಿ "ಪುದ್ವಾರ್ ಉಣ್ಪೆ" ಎನ್ನಬೇಕು. ಹೊಸ ಊಟ ಉಣ್ಣುತ್ತೇನೆ ಎಂದು ಅರ್ಥ. ದೊಡ್ಡವರು "ಉಣ್ಲ", ಅಂದರೆ ಉಣ್ಣು, ಎನ್ನಬೇಕು. ಆಮೇಲೆಯೇ ಮೊದಲ ತುತ್ತು. ಆ ಮಾತು ಸಿಗದಿದ್ದರೆ ಆ ವರ್ಷದ ಹೊಸ ಅಕ್ಕಿ ನಿನ್ನದಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಅಮ್ಮ ಇದನ್ನು ತಮಾಷೆಗೂ ಬಳಸುತ್ತಿದ್ದಳು. ನಾವು ಚಿಕ್ಕವರಿದ್ದಾಗ ಎಲೆಯ ಮುಂದೆ ಕೂತು "ಉಣ್ಪೆ" ಎಂದರೆ, ಕೇಳಿಸದ ಹಾಗೆ ಮನೆಯ ಸೂರು ನೋಡುತ್ತ ಕೂರುತ್ತಿದ್ದಳು. ನಾವು ಹಸಿವಿನಿಂದ ಎರಡು ಸಲ, ಮೂರು ಸಲ ಕೂಗಬೇಕು. ಆಮೇಲೆ ನಗುತ್ತ "ಉಣ್ಲ, ಉಣ್ಲ, ನಿಮ್ಮ ಬಾಯಿಗೆ ಬೀಗ ಹಾಕ" ಎನ್ನುತ್ತಿದ್ದಳು. ನಮಗೆ ಗದ್ದೆ ಇರಲಿಲ್ಲ. ಕಾಪುವಿನಲ್ಲಿ ಕಡಲ ಹತ್ತಿರ ಮನೆ, ಅಪ್ಪ ದೋಣಿಗೆ, ಅಮ್ಮ ಬುಟ್ಟಿ ಹೊತ್ತು ಮೀನು ಮಾರಲಿಕ್ಕೆ. ಆದರೂ ಅಜೆಕಾರಿನ ಒಬ್ಬ ಬೇಸಾಯಗಾರರು ಪ್ರತಿ ವರ್ಷ ತೆನೆಯನ್ನೂ ಹೊಸ ಅಕ್ಕಿಯನ್ನೂ ತಂದು ಕೊಡುತ್ತಿದ್ದರು. ಅಮ್ಮ ಅವರ ಚೀಲ ತುಂಬ ಬಂಗುಡೆ ಮೀನು ಹಾಕಿ ಕಳಿಸುತ್ತಿದ್ದಳು.

ತಂಗಿಗೆ ಐದು ವರ್ಷವಾದಾಗ ಅವಳನ್ನು ಕಾರ್ಕಳದ ದೊಡ್ಡಮ್ಮನ ಮನೆಗೆ ಕೊಟ್ಟರು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನನಗೆ ಆಗ ಹತ್ತು ವರ್ಷ. ತಂಗಿ ಹೋದಳೆಂದು ಅತ್ತೆ. ಆದರೆ ಮೊದಲ ರಜೆಗೆ ಅವಳು ಬಂದಾಗ ಅಳು ಬರಲಿಲ್ಲ, ಬೇರೆ ಏನೋ ಬಂತು. ಅವಳು ನೆಂಟರಿಗೆ ನೀರು ಕೊಡುವಾಗ ಲೋಟದ ಬಾಯಿ ಮುಟ್ಟದೆ ಕೆಳಗಿನಿಂದ ಹಿಡಿದು, ಎಡಗೈಯನ್ನು ಬಲಗೈಯ ಮೊಣಕೈಗೆ ತಾಗಿಸಿ ಕೊಡುತ್ತಿದ್ದಳು. "ಅಬ್ಬ, ಈ ಮಗುವಿನ ನಾಜೂಕು ನೋಡಿ" ಎಂದು ನೆರೆಮನೆಯವರು ಕರೆದು ಕರೆದು ತೋರಿಸಿದರು. ನಾನು ಅದೇ ಹೊತ್ತಿಗೆ ಅಂಗಳದಲ್ಲಿ ಕೂತು ಮೀನಿನ ಹೊಟ್ಟೆ ತೆಗೆಯುತ್ತಿದ್ದೆ. ಆರನೇ ತರಗತಿಗೆ ನನ್ನ ಶಾಲೆ ಮುಗಿಯಿತು. ಅದಕ್ಕೆ ತಂಗಿ ಕಾರಣಳಲ್ಲ. ನನಗೇ ಓದು ಹತ್ತಲಿಲ್ಲ. ಆದರೆ ಮನಸ್ಸಿನಲ್ಲಿ ಅದನ್ನೂ ಅವಳ ತಲೆಗೇ ಕಟ್ಟಿದೆ.

ದೊಡ್ಡಮ್ಮನ ಮನೆಯಲ್ಲಿ ಬಡಿಸುವುದೇ ಒಂದು ವಿದ್ಯೆ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ಮೊದಲು ಉಪ್ಪು. ಬಡಿಸುವವಳು ಎಲೆ ನೋಡಬೇಕು, ಮುಖ ನೋಡಬಾರದು, ಮುಖ ನೋಡಿದರೆ ಉಣ್ಣುವವರು ನಾಚಿ ಸಾಕೆನ್ನುತ್ತಾರೆ. ಪಂಕ್ತಿಯಲ್ಲಿ ಕೊನೆಯವರು ಮುಗಿಸುವವರೆಗೆ ಮೊದಲಿನವರು ಏಳಬಾರದು. ಬಡಿಸುವವಳ ಬಾಯಲ್ಲಿ "ಇಲ್ಲ" ಎಂಬ ಮಾತು ಬರಬಾರದು. ಇದೆಲ್ಲ ತಂಗಿಗೆ ನೀರು ಕುಡಿದಷ್ಟು ಸುಲಭವಾಗಿ ಬಂತು.

ಮದುವೆಯಾಗಿ ಅವಳು ಮಣಿಪಾಲಕ್ಕೆ ಬಂದಳು. ಗಂಡ ಕಚೇರಿ ಕೆಲಸದವನು, ಮೆಲು ಮಾತಿನ ಮನುಷ್ಯ. ನಾಲ್ಕನೇ ಮಹಡಿಯ ಫ್ಲ್ಯಾಟು. ಅಲ್ಲಿ ಅವಳು ಎರಡು ತಿಂಗಳಿಗೊಮ್ಮೆ ಜನರನ್ನು ರಾತ್ರಿ ಊಟಕ್ಕೆ ಕರೆಯಲು ಶುರು ಮಾಡಿದಳು. ಗಂಡನ ಜೊತೆ ಕೆಲಸ ಮಾಡುವವರು, ಕಾಲೇಜಿನಲ್ಲಿ ಕಲಿಸುವವರು, ಡಾಕ್ಟರುಗಳು, ಉತ್ತರದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಸೋಫಾ ಎಲ್ಲ ಕೋಣೆಗೆ ತಳ್ಳಿ, ಹಾಲ್‌ನಲ್ಲಿ ಎರಡು ಸಾಲು ಮಣೆ ಹಾಕುವಳು. ಉಡುಪಿಯ ಪಾತ್ರೆ ಅಂಗಡಿಯಿಂದ ತಂದ ಹಿತ್ತಾಳೆ ಲೋಟಗಳು, ನಡುವೆ ಕಾಲುದೀಪ. ಬಾಗಿಲಲ್ಲಿ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು. ಜ್ಯೂಸು, ಗೀಸು ಏನೂ ಇಲ್ಲ. ಆ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡ ಕೂಡಲೇ ಕೋಟು ಹಾಕಿದವರೂ ಮಕ್ಕಳಾಗುತ್ತಿದ್ದರು.

ಆ ಊಟಗಳಿಗೆ ನನ್ನನ್ನೂ ಕರೆಯುತ್ತಿದ್ದಳು. ನಾನು ಬೆಳಿಗ್ಗೆಯೇ ಮೀನು ಆರಿಸಿ, ಶಂಕರಪುರದ ಮಲ್ಲಿಗೆ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, ಕಟ್ಟಿಸಿಕೊಂಡು, ಉಡುಪಿಯಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಬಂಗುಡೆ ಪುಳಿಮುಂಚಿ, ಆ ಹುಳಿ ಖಾರದ ಸಾರು, ಮಾತ್ರ ನನ್ನ ಕೈಯದೇ ಆಗಬೇಕು ಎಂದು ಅವಳ ಹಟ. ಉಂಡವರು ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ "ಇದು ಯಾರು ಮಾಡಿದ್ದು?" ಎಂದು ಕೇಳಿದರೆ, "ನನ್ನ ಅಕ್ಕ. ನನಗೆ ಎಷ್ಟು ಸಲ ಮಾಡಿದ್ರೂ ಹೀಗೆ ಬರುವುದಿಲ್ಲ" ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು. ಇದಕ್ಕಿಂತ ಹೆಚ್ಚು ಒಬ್ಬ ತಂಗಿ ಏನು ಮಾಡಬೇಕು? ನನಗೆ ಮಾತ್ರ, ಹಿತ್ತಾಳೆ ಲೋಟದ ಹಾಗೆ ನನ್ನನ್ನೂ ತೊಳೆದು ಸಾಲಿನಲ್ಲಿಟ್ಟು ತೋರಿಸುತ್ತಿದ್ದಾಳೆ ಎನಿಸುತ್ತಿತ್ತು.

ನಾನು ಕೂತಲ್ಲಿಂದಲೇ ಅವಳಿಗೆ ಕೆಟ್ಟದ್ದು ಬಯಸುತ್ತಿದ್ದೆ. ದೊಡ್ಡ ಕೆಟ್ಟದ್ದಲ್ಲ. ಪಾಯಸ ಒಡೆಯಲಿ, ಎಲೆ ಹರಿದು ಸಾರು ನೆಲಕ್ಕೆ ಹೋಗಲಿ, ಅಷ್ಟೇ. ಒಮ್ಮೆ ದಪ್ಪನೆಯ ಒಬ್ಬ ಡಾಕ್ಟರು ಮಣೆಯ ಮೇಲೆ ಕೂರಲು ಹೋಗಿ ಹಿಂದಕ್ಕೆ ಬಿದ್ದರು. ನನ್ನ ಜೀವಕ್ಕೆ ತಂಪಾಯಿತು. ಆದರೆ ತಂಗಿ ಓಡಿ ಹೋಗಿ, ತೆಂಗಿನಕಾಯಿ ತುರಿಯುವ ಮಣೆಯ ಹಾಗಿದ್ದ ಒಂದು ಎತ್ತರದ ಪೀಠ ತಂದು, "ಡಾಕ್ಟ್ರೇ, ಇದು ನಮ್ಮ ದೊಡ್ಡಮ್ಮ ಕೂತ್ಕೊಳ್ತಿದ್ದದ್ದು. ಮನೆಯಲ್ಲಿ ದೊಡ್ಡವರಿಗೆ ಮಾತ್ರ ಕೊಡುವುದು" ಎಂದಳು. ಅವರು ರಾಜನ ಹಾಗೆ ಕೂತರು. ಎಲ್ಲರೂ ಕೈ ತಟ್ಟಿದರು. ಅವಳ ಮನೆಯಲ್ಲಿ ಬಿದ್ದವರಿಗೂ ಮರ್ಯಾದೆ ಸಿಗುತ್ತದಲ್ಲ ಎಂದು ನನಗೆ ಮತ್ತೂ ಉರಿಯಿತು.

ಮಾರ್ಕೆಟಿನಲ್ಲಿ ನನ್ನ ಪಕ್ಕ ಕೂತು ಮೀನು ಮಾರುವ ಗೆಳತಿ ಒಬ್ಬಳಿದ್ದಾಳೆ. ತಂಗಿ ಸ್ಟೇಟಸ್ಸಿಗೆ ಹಾಕಿದ ಎಲೆಗಳ ಫೋಟೋವನ್ನು ನಾನು ನೋಡುತ್ತಿದ್ದಾಗ ಅವಳೂ ಬಗ್ಗಿ ನೋಡಿದಳು.

"ಎಂತ ಮಾರಾಯ್ತಿ, ಇದು ಮದುವೆಯಾ?"

"ಅಲ್ಲ, ತಂಗಿ ಮನೆ ಊಟ."

"ನೀನು ಎಲ್ಲಿ ಇದರಲ್ಲಿ? ಕಾಣುವುದಿಲ್ಲ?"

"ನಾನು ಒಳಗೆ ಇದ್ದೆ."

"ಹೌದು, ಹೌದು. ಪೇಟೆಯವರಿಗೆ ಎಲೆ, ಅಕ್ಕನಿಗೆ ಮೀನು ಕೊಯ್ಯುವ ಕತ್ತಿ. ಒಳ್ಳೆ ತಂಗಿ ಸಿಕ್ಕಿದ್ದಾಳೆ ನಿನಗೆ" ಎಂದು ನಕ್ಕು, ಗಿರಾಕಿಯ ಕಡೆ ತಿರುಗಿದಳು.

ಅವಳು ಅದನ್ನು ಆಗಲೇ ಮರೆತಿರಬೇಕು. ನಾನು ಮರೆಯಲಿಲ್ಲ. ಆ ಫೋಟೋ ತೆಗೆಯುವಾಗ "ಅಕ್ಕ, ಬಾ, ಬಾ" ಎಂದು ತಂಗಿ ಎರಡು ಸಲ ಕರೆದದ್ದನ್ನು, ಸೀರೆಗೆ ಮೀನಿನ ವಾಸನೆ ಎಂದು ನಾನೇ ಹೋಗದೆ ನಿಂತದ್ದನ್ನು ಗೆಳತಿಗೆ ಹೇಳಲೂ ಇಲ್ಲ.

ಅಪ್ಪನೂ ದೊಡ್ಡಮ್ಮನೂ ಮೊದಲೇ ಹೋಗಿದ್ದರು, ಅಮ್ಮ ತೀರಿಕೊಂಡ ಮೇಲೆ ಮನೆಗೆ ಹಿರಿಯವಳು ನಾನಾದೆ. ಮೊದಲ ವರ್ಷ ಸೂತಕದ ಕಾರಣ ಪುದ್ವಾರ್ ಮಾಡಲಿಲ್ಲ. ಎರಡನೇ ವರ್ಷ ನಮ್ಮ ಅಡುಗೆಮನೆಯ ನೆಲ ಅಗೆದು ಹಾಕಿದ್ದರು, ಟೈಲ್ಸಿನ ಕೆಲಸ ಮುಗಿದಿರಲಿಲ್ಲ. ತಂಗಿ ಫೋನ್ ಮಾಡಿದಳು.

"ಅಕ್ಕ, ಈ ಸಲ ಪುದ್ವಾರ್ ನಮ್ಮಲ್ಲಿ ಮಾಡುವಾ? ನಿನ್ನ ಮನೆಯಲ್ಲಿ ಈಗ ಒಲೆ ಇಡ್ಲಿಕ್ಕೂ ಜಾಗ ಇಲ್ಲ ಅಲ್ವಾ?"

"ಮಾಡು. ನಿನಗೆ ಹೇಗೂ ಅಭ್ಯಾಸ ಉಂಟಲ್ಲ, ಜನ ಕರೆಯುವುದು."

"ಕರೆಯುವುದಾದ್ರೆ ಒಂದು ಎಂಟು ಹತ್ತು ಜನ. ನೀನು ಬೇಡ ಹೇಳಿದ್ರೆ ಬೇಡ."

"ನನ್ನದೆಂತ ಉಂಟು ಅದರಲ್ಲಿ?" ಎಂದೆ.

ನನ್ನ ದನಿಯಲ್ಲಿದ್ದ ಮುಳ್ಳು ಅವಳಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಬಿಟ್ಟಳೋ, ನನಗೆ ತಿಳಿಯದು. ಅಮ್ಮನಿಂದ ನನಗೆ ಬಂದದ್ದು ಹಿರಿತನ ಒಂದೇ. ಅದನ್ನೂ ಎತ್ತಿಕೊಂಡು ಹೋಗಿ ನಾಲ್ಕನೇ ಮಹಡಿಯಲ್ಲಿ ಇಡುತ್ತಾಳೆ ಎಂದು ನನಗೆ ಅನಿಸಿತು. ಪುದ್ವಾರ್ ದಿನ ನಮ್ಮಲ್ಲಿ ಮೀನು ಇಲ್ಲ. ಹಾಗಾಗಿ ನನ್ನ ಪುಳಿಮುಂಚಿಗೂ ಅಲ್ಲಿ ಕೆಲಸವಿಲ್ಲ. ಮಲ್ಲಿಗೆ ಮಾತ್ರ ಹಿಡಿದುಕೊಂಡು ಹೋದೆ.

ಹೋಗಿ ನೋಡಿದರೆ ಬಾಗಿಲಿಗೆ ತೆನೆ ಕಟ್ಟಿತ್ತು, ಮಾವಿನೆಲೆ, ಹಲಸಿನೆಲೆ ಸಮೇತ, ಅಮ್ಮ ಕಟ್ಟುತ್ತಿದ್ದ ಹಾಗೆಯೇ. ಕಾಲುದೀಪದ ಹತ್ತಿರದ ಮೊದಲ ಎಲೆ ನನ್ನದು. ಅದಕ್ಕೆ ಅವಳು ದೊಡ್ಡಮ್ಮನ ಪೀಠವನ್ನೇ ಇಟ್ಟಿದ್ದಳು. ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವತ್ತು ನಮ್ಮ ಅಕ್ಕ ಹೇಳದೆ ಯಾರೂ ಉಣ್ಣುವ ಹಾಗಿಲ್ಲ" ಎಂದು ಕಟ್ಟಳೆಯನ್ನು ವಿವರಿಸಿದಳು. ಅವರಿಗೆ ಬಹಳ ಖುಷಿಯಾಯಿತು. ಕನ್ನಡವೇ ಸರಿ ಬಾರದವರು "ಪುದ್ವಾರ್ ಉಣ್ಪೆ" ಎಂದು ನಾಲಿಗೆ ತಿರುಗಿಸಿ ತಿರುಗಿಸಿ ಕಲಿತರು.

ಬಡಿಸುವುದು ನಡೆಯುತ್ತಿತ್ತು. ನನ್ನ ಪಕ್ಕ ರೇಷ್ಮೆ ಸೀರೆಯ ಒಬ್ಬ ಹೆಂಗಸು ಕೂತಿದ್ದರು. ಒಳ್ಳೆಯವರೇ. ನನ್ನ ಕಡೆ ಬಾಗಿ, "ನಿಮ್ಮ ತಂಗಿಯ ಹಾಗೆ ನಡೆದುಕೊಳ್ಳುವುದು ಕಲಿತು ಬರುವುದಲ್ಲ, ಹುಟ್ಟಿನಿಂದಲೇ ಬರಬೇಕು. ನೀವು ಅಡುಗೆಗೆ ಸಹಾಯ ಮಾಡ್ಲಿಕ್ಕೆ ಬರ್ತೀರಲ್ಲ, ಪುಣ್ಯವಂತರು" ಎಂದರು.

ಹುಟ್ಟಿನಿಂದ. ನಾವಿಬ್ಬರೂ ಹುಟ್ಟಿದ್ದು ಒಂದೇ ಹೊಟ್ಟೆಯಲ್ಲಿ, ಮಲಗಿದ್ದು ಒಂದೇ ಚಾಪೆಯಲ್ಲಿ.

ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿ ಕೇಳತೊಡಗಿದರು. ರೇಷ್ಮೆ ಸೀರೆಯವರು ಕೇಳಿದರು, ಬಹುವಚನದಲ್ಲಿ "ಉಣ್ಲೆ" ಎಂದೆ. ದಪ್ಪ ಡಾಕ್ಟರು ಕೈ ಮುಗಿದು ಕೇಳಿದರು, "ಉಣ್ಲೆ" ಎಂದೆ. ತಂಗಿಯ ಗಂಡ ಕೇಳಿದ, ಅವನಿಗೂ ಹೇಳಿದೆ. ಗುರುತು ಪರಿಚಯ ಇಲ್ಲದವರೂ ಸೇರಿ ಹತ್ತು ಜನರಿಗೆ ನನ್ನ ಅಮ್ಮನ ಮಾತನ್ನು ಹಂಚಿದೆ. ಕೊನೆಗೆ ತಂಗಿ ಅನ್ನದ ಪಾತ್ರೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಅಡುಗೆಮನೆಯ ಬಾಗಿಲ ಹತ್ತಿರದ ಕೊನೆಯ ಎಲೆಗೆ ಕೂತಳು.

"ಅಕ್ಕ, ಪುದ್ವಾರ್ ಉಣ್ಪೆ."

ನಾನು ಎಲೆಯ ತುದಿಯ ಉಪ್ಪನ್ನು ಬೆರಳಲ್ಲಿ ಸರಿಸಿದೆ.

ಅವಳು ನಕ್ಕಳು. ಅಮ್ಮನ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಅದು ಅವಳ ಮುಖದಲ್ಲಿ ಕಾಣುತ್ತಿತ್ತು, ಐದು ವರ್ಷದವಳ ಮುಖ. ಸ್ವಲ್ಪ ಜೋರಾಗಿ, ರಾಗ ಎಳೆದು, "ಅಕ್ಕಾ, ಪುದ್ವಾರ್ ಉಣ್ಪೆ" ಎಂದಳು.

ನಾನು ಅನ್ನಕ್ಕೆ ತೊವ್ವೆ ಕಲಸಿದೆ.

ಮೂರನೇ ಸಲ ಮೆಲ್ಲಗೆ ಕೇಳಿದಳು. ಆಗ ನಗು ಇರಲಿಲ್ಲ. ಪಂಕ್ತಿಯೆಲ್ಲ ನನ್ನ ಕಡೆ ನೋಡುತ್ತಿತ್ತು. ಒಂದೇ ಒಂದು ಮಾತು, ಹತ್ತು ಸಲ ಹೇಳಿ ಬಾಯಿಗೆ ಅಭ್ಯಾಸವಾಗಿದ್ದ ಮಾತು. ನಾನು ತಲೆ ಎತ್ತಲಿಲ್ಲ. ತುತ್ತು ಬಾಯಿಗೆ ಹಾಕಿದೆ.

ತಂಗಿ ಎದ್ದಳು. "ಅಯ್ಯೋ, ಪಾಯಸ ಒಲೆಯ ಮೇಲೆಯೇ ಉಂಟು" ಎಂದು ಒಳಗೆ ಹೋದಳು. ಹೋಗುವಾಗ ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಅಕ್ಕನಿಗೆ ಕಿವಿ ಸ್ವಲ್ಪ ಮಂದ. ಮಾರ್ಕೆಟಿನ ಗಲಾಟೆಯಲ್ಲಿ ಕೂತು ಕೂತು ಹಾಗಾದದ್ದು."

ಮತ್ತೆ ಅವಳು ಕೂರಲಿಲ್ಲ. ಪಾಯಸ ಬಡಿಸಿದಳು, ಮಜ್ಜಿಗೆ ಬಡಿಸಿದಳು. ಎಲೆ ನೋಡಿದಳು, ಮುಖ ನೋಡಲಿಲ್ಲ. ಅವಳ ಎಲೆ ಬಡಿಸಿದ ಹಾಗೆಯೇ ಇತ್ತು. ಅದನ್ನು ನೋಡಿ ರೇಷ್ಮೆ ಸೀರೆಯವರು, "ಎಲ್ಲರೂ ಉಂಡು ಏಳುವವರೆಗೆ ಮನೆಯವಳು ಉಣ್ಣುವುದಿಲ್ಲ. ಎಂಥ ಸಂಸ್ಕಾರ!" ಎಂದರು. ನಾನು ಅವಳಿಗೆ ಮಾಡಿದ ಅವಮಾನವೂ ಅವಳಿಗೆ ಹೊಗಳಿಕೆಯಾಗಿ ಸಿಕ್ಕಿತು. ನಾಚಿಕೆಯಾಗಬೇಕಾದ ಆ ಗಳಿಗೆಯಲ್ಲಿಯೂ ನನಗೆ ಬಂದದ್ದು ಹೊಟ್ಟೆಕಿಚ್ಚೇ.

ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಮೊದಲಿನ ಹಾಗೆಯೇ ಫೋನ್ ಮಾಡುತ್ತಿದ್ದಳು. ಕಾಲು ನೋವು, ಮೀನಿನ ಸೀಸನ್ನು, ಮನೆಕೆಲಸ ಎಂದು ನಾನೇ ಎರಡು ಊಟ ತಪ್ಪಿಸಿದೆ. ಮೂರನೆಯದಕ್ಕೆ ಹೋದಾಗ ಎಲ್ಲರೂ ನನ್ನ ಹತ್ತಿರ ಕಿರುಚಿ ಮಾತಾಡತೊಡಗಿದರು. "ಹೇಗಿದ್ದೀರಿ ಅಕ್ಕಾ?" ಎಂದು ಡಾಕ್ಟರು ಕೂಗಿದ್ದಕ್ಕೆ ಪಕ್ಕದ ಫ್ಲ್ಯಾಟಿನ ನಾಯಿ ಬೊಗಳಿತು. ಕಿವಿ ಪರೀಕ್ಷೆ ಮಾಡಿಸೋಣ ಎಂದರು. ನಾನು "ಹಾಂ? ಹಾಂ?" ಎನ್ನುತ್ತ ಕೂತೆ. ತಂಗಿ ನನ್ನ ಮಾನ ಉಳಿಸಲು ಕಟ್ಟಿದ ಸುಳ್ಳನ್ನು ನಾನು ಸುಳ್ಳು ಮಾಡುವಂತಿರಲಿಲ್ಲ. ಕಿವುಡಿಯಾಗಿ ಉಂಡು ಬಂದೆ. ಅವಳು ಏನು ಉಂಡಳೆಂದು ನೋಡಲಿಲ್ಲ.

ಮಳೆಗಾಲಕ್ಕೆ ಸ್ವಲ್ಪ ಮೊದಲು ಅಜೆಕಾರಿನ ಆ ಬೇಸಾಯಗಾರರು ಮಾರ್ಕೆಟಿಗೆ ಬಂದರು. ಅಮ್ಮನ ಕಾಲದವರು, ಈಗ ಮುದುಕರು. ತಂಗಿಯ ಮನೆಗೂ ಅಕ್ಕಿ ಅವರದೇ. ಬೂತಾಯಿ ಮೀನು ಆರಿಸುತ್ತ ಕೇಳಿದರು.

"ನಿನ್ನ ತಂಗಿಗೆ ಎಂತ, ಹೊಟ್ಟೆಯದು ತೊಂದರೆಯಾ?"

"ಇಲ್ಲವಲ್ಲ. ಯಾಕೆ?"

"ಮನೆಗೆ ಹೊಸ ಅಕ್ಕಿ ತಗೊಳ್ತಾಳೆ. ಅದರ ಒಟ್ಟಿಗೆ ಅವಳಿಗೆ ಒಬ್ಬಳಿಗೆ ಅಂತ ಹಳೆ ಅಕ್ಕಿ ಬೇರೆ ಕಟ್ಟಿಸ್ತಾಳೆ. ಪುದ್ವಾರಿನ ನಂತರ ಹಾಗೆಯೇ. ಈಗ ಹಳೆ ಅಕ್ಕಿ ಮುಗೀತಾ ಬಂತು ಮಾರಾಯ್ತಿ, ನಾನು ಎಲ್ಲಿಂದ ತರುವುದು?"

ಏಳು ತಿಂಗಳು. ಗಂಡನಿಗೆ, ಬಂದವರಿಗೆ, ನನಗೆ ಹೊಸ ಅಕ್ಕಿಯ ಅನ್ನ ಬಡಿಸಿ, ಅವಳು ಬೇರೆ ಪಾತ್ರೆಯಲ್ಲಿ ಹಳೆಯದನ್ನು ಬೇಯಿಸಿಕೊಂಡು ಉಣ್ಣುತ್ತಿದ್ದಳು. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ. ಆದರೂ ನಾನು ಮಾತು ಕೊಟ್ಟಿಲ್ಲ ಎಂದು ಮುಟ್ಟಿರಲಿಲ್ಲ. ಅಷ್ಟು ಜನರ ಮುಂದೆ ನಾನು ಇಲ್ಲದಂತೆ ಮಾಡಿದ ಹಿರಿತನವನ್ನು, ಅವಳು ಒಬ್ಬಳೇ ತನ್ನ ಅಡುಗೆಮನೆಯಲ್ಲಿ ಉಳಿಸಿಕೊಂಡಿದ್ದಳು. ನಾನು ಇಷ್ಟು ವರ್ಷ ಕರುಬಿದ್ದು ಅವಳ ಲೋಟ, ಮಣೆ, ದೀಪ, ಹೊಗಳಿಕೆಗೆ. ಇದೊಂದನ್ನು ಮಾತ್ರ ನಾನು ನೋಡಿಯೇ ಇರಲಿಲ್ಲ.

ಮುಂದಿನ ಊಟದ ದಿನಕ್ಕೆ ಕಾದೆ. ಒಬ್ಬಳೇ ಇದ್ದಾಗ ಹೋಗಿ ಹೇಳಬಹುದಿತ್ತು. ಆದರೆ ತಪ್ಪು ಮಾಡಿದ್ದು ಪಂಕ್ತಿಯಲ್ಲಿ. ಬಂಗುಡೆ, ಮಲ್ಲಿಗೆ ಹಿಡಿದುಕೊಂಡು ಹೋದೆ. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ಹಿಂದೆ ಒಂದು ಚಿಕ್ಕ ಪಾತ್ರೆ, ಮೇಲೆ ತಟ್ಟೆ ಮುಚ್ಚಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ತಂಗಿ ಕಂಡು, "ಅದು ನಿನ್ನೆಯದು, ಗಂಜಿಗೆ" ಎಂದಳು.

ಎಲ್ಲರೂ ಕೂತರು. ಉಪ್ಪು, ಪಲ್ಯ, ಅನ್ನ, ನನ್ನ ಪುಳಿಮುಂಚಿ, ಒಂದೊಂದೇ ಬಂತು. ಡಾಕ್ಟರು ನನ್ನ ಕಿವಿಯ ಹತ್ತಿರ ಬಾಗಿ "ಅಕ್ಕಾ, ಇವತ್ತೂ ಖಾರ ಜೋರುಂಟಾ?" ಎಂದು ಕೂಗಿದರು. ಕೊನೆಗೆ ತಂಗಿ ಚಿಕ್ಕ ಪಾತ್ರೆಯನ್ನು ಸೆರಗಿನ ಮರೆಯಲ್ಲಿ ತಂದು ಬಾಗಿಲ ಹತ್ತಿರದ ಎಲೆಗೆ ಕೂತಳು.

ಪಂಕ್ತಿಯಿಂದ ನಡುವೆ ಏಳಬಾರದು. ನಾನು ಎದ್ದೆ. ಹಾಲ್‌ನ ಉದ್ದಕ್ಕೂ ನಡೆದು ಹೋಗಿ ಆ ಪಾತ್ರೆಯನ್ನು ಪಕ್ಕಕ್ಕಿಟ್ಟೆ. ದೊಡ್ಡ ಪಾತ್ರೆಯಿಂದ ಒಂದು ಸೌಟು ಅನ್ನ ತೆಗೆದು ಅವಳ ಎಲೆಗೆ ಬಡಿಸಿದೆ. ಬಡಿಸಿ ಅಭ್ಯಾಸವಿಲ್ಲದೆ ಅರ್ಧ ಅನ್ನ ಎಲೆಯ ಹೊರಗೆ ಬಿತ್ತು. ಅವಳು ಎಲೆ ನೋಡುತ್ತಿದ್ದಳು. ನಾನು ಅವಳ ಮುಖ ನೋಡಿದೆ. ಎಲ್ಲರಿಗೂ ಕೇಳುವ ಹಾಗೆ, ಡಾಕ್ಟರು ನನ್ನ ಹತ್ತಿರ ಮಾತಾಡುವಷ್ಟೇ ಜೋರಾಗಿ ಹೇಳಿದೆ:

"ನನ್ನ ಕಿವಿ ಸರಿ ಉಂಟು ತಂಗಿ. ಆ ದಿವಸ ನೀನು ಕೇಳಿದ್ದು ಮೂರು ಸಲವೂ ನನಗೆ ಕೇಳಿಸಿತ್ತು. ಹೊಟ್ಟೆಕಿಚ್ಚಿಗೆ ಬಾಯಿ ಬಿಡಲಿಲ್ಲ. ನನ್ನಿಂದ ತಪ್ಪಾಯಿತು, ಮಗಾ. ಉಣ್ಲ."